ಮಂಗಳವಾರಕ್ಕೆ ಕಾಯುತ್ತಾ ನಮ್ಮ ಮಕ್ಕಳ ಮನಸ್ಸು?



ಕೇರಿಯ ಮಗುವಿಗೂ ಒಂದು ಹೊಟ್ಟೆ ಇದೆ ಎಂದು ಒಪ್ಪಿಕೊಳ್ಳಲು ಈ ಸಮಾಜಕ್ಕೆ ಸಾವಿರಾರು ವರ್ಷ ಹಿಡಿಯಿತು. ಅದಕ್ಕೊಂದು ಮನಸ್ಸೂ ಇದೆ ಎಂದು ಒಪ್ಪಲು ಇನ್ನೆಷ್ಟು ವರ್ಷ ಬೇಕು?

“ಡಿಪ್ರೆಶನ್ನು ಗಿಪ್ರೆಶನ್ನು ಎಲ್ಲಾ ಉಳ್ಳವರ ಕಾಯಿಲೆ, ಕೂಲಿ ಮಾಡಿ ತಿನ್ನೋರಿಗೆ ಅದೆಲ್ಲಾ ಎಲ್ಲಿಂದ ಬರುತ್ತೆ” ಅಂತ ಜಮೀನ್ದಾರ ಹೇಳಿದರೆ ನಮಗೆ ಆಶ್ಚರ್ಯವಿಲ್ಲ. ಅವನ ಕಣ್ಣಿಗೆ ನಾವು ಬರೀ ರಟ್ಟೆಗಳು. ಆದರೆ ಇದೇ ಮಾತನ್ನು ನಮ್ಮ ಸಭೆಗಳಲ್ಲಿ, ನಮ್ಮವರ ಬಾಯಲ್ಲೇ ಕೇಳಿದ್ದೇವೆ. ಅದಕ್ಕೇ ಇದನ್ನು ಬರೆಯುತ್ತಿದ್ದೇವೆ.

ನಾವು ಹಾಸ್ಟೆಲಿನಲ್ಲಿ ಓದಿದವರು. ನಮ್ಮ ಪಕ್ಕದ ಚಾಪೆಯಲ್ಲಿ ಮಲಗುತ್ತಿದ್ದ ಹುಡುಗನೊಬ್ಬ ಪಿಯುಸಿ ಎರಡನೇ ವರ್ಷದಲ್ಲಿ ಮಾತು ಬಿಟ್ಟ. ಆಮೇಲೆ ಊಟ ಬಿಟ್ಟ. ಆಮೇಲೆ ಕಾಲೇಜಿಗೆ ಹೋಗೋದೂ ಬಿಟ್ಟ. ವಾರ್ಡನ್ ರಿಜಿಸ್ಟರಿನಲ್ಲಿ ‘ಅಶಿಸ್ತು’ ಎಂದು ಬರೆದರು. ಊರಿಂದ ಬಂದ ಅವನವ್ವ ಗಾಳಿ ಸೋಕಿದೆ ಎಂದು ತಾಯತ ಕಟ್ಟಿಸಿದಳು. ನಾವು ಗೆಳೆಯರು “ಧೈರ್ಯ ತಗೋ ಮಾರಾಯ” ಎಂದೆವು. ನಮಗೆ ಗೊತ್ತಿದ್ದ ಔಷಧಿ ಅಷ್ಟೇ. ಕೊನೆಗೆ ತಾಲೂಕು ಆಸ್ಪತ್ರೆಗೆ ಕರಕೊಂಡು ಹೋದರೆ ಅವತ್ತು ಬುಧವಾರ. “ಮನಸ್ಸಿನ ಡಾಕ್ಟ್ರು ಮಂಗಳವಾರ ಬರ್ತಾರೆ, ಮುಂದಿನ ವಾರ ಬನ್ನಿ” ಎಂದರು.

ಮುಂದಿನ ಮಂಗಳವಾರ ಅವ್ವ ಮತ್ತೆ ಕೂಲಿ ಬಿಟ್ಟು ಬಂದಳು. ಡಾಕ್ಟರು ಒಳ್ಳೆಯವರೇ. ನಿದ್ದೆ ಬರುತ್ತಾ ಕೇಳಿದರು, ಊಟ ಸೇರುತ್ತಾ ಕೇಳಿದರು, ವಂಶದಲ್ಲಿ ಯಾರಿಗಾದರೂ ಹೀಗಾಗಿತ್ತಾ ಕೇಳಿದರು. ಹೊರಗೆ ಸಾಲು ಬೆಳೆಯುತ್ತಿತ್ತು. “ಕ್ಲಾಸಿನಲ್ಲಿ ನಿನ್ನನ್ನು ಏನಂತ ಕರೀತಾರಪ್ಪ?” ಎಂದು ಮಾತ್ರ ಕೇಳಲಿಲ್ಲ. ಅವನಿಗೆ ಕ್ಲಾಸಿನಲ್ಲಿ ಇಟ್ಟಿದ್ದ ಹೆಸರು ‘ಸ್ಕಾಲರ್‌ಶಿಪ್ ಗಿರಾಕಿ’. ಅದನ್ನು ನಾವೂ ಹೇಳಲಿಲ್ಲ. ಅದೂ ಕಾಯಿಲೆಗೆ ಸೇರಿದ್ದು ಅಂತ ನಮಗೇ ಗೊತ್ತಿರಲಿಲ್ಲ.

ಮಾತ್ರೆ ಕೆಲಸ ಮಾಡಿತು. ಇದನ್ನು ಹೇಳಲು ನಾಚಿಕೆ ಬೇಡ. ಅವನು ನಿದ್ದೆ ಮಾಡಿದ, ಉಂಡ, ಬದುಕಿದ. ಆದರೆ ಅದೇ ಕ್ಲಾಸಿಗೆ, ಅದೇ ಹೆಸರಿಗೆ ವಾಪಸು ಹೋಗಬೇಕಾಯಿತು.

ಇಲ್ಲಿ ಎರಡು ಸುಳ್ಳುಗಳಿವೆ. ಒಂದು ವ್ಯವಸ್ಥೆಯದು: ಕಾಯಿಲೆ ಹುಡುಗನ ತಲೆಯೊಳಗಿದೆ, ಮಾತ್ರೆ ಕೊಟ್ಟರೆ ಮುಗೀತು. ಇನ್ನೊಂದು ನಮ್ಮದು: ಕಾಯಿಲೆ ಇರೋದು ಜಾತಿಗೆ, ಕ್ರಾಂತಿ ಆದಮೇಲೆ ಎಲ್ಲಾ ಸರಿಹೋಗುತ್ತೆ, ಅಲ್ಲೀವರೆಗೆ ತಡಕೋ. ಕ್ರಾಂತಿ ಆಗುವವರೆಗೆ ಹದಿನೇಳು ವರ್ಷದ ಹುಡುಗ ಗೋಡೆ ಕಡೆ ಮುಖಮಾಡಿ ಮಲಗಿರಬೇಕೇ? ಹೊಡೆದವನ ಮೇಲೆ ಕೇಸೂ ಹಾಕಬೇಕು, ಗಾಯಕ್ಕೆ ಮುಲಾಮೂ ಹಚ್ಚಬೇಕು. ಮೈಗೆ ಬಿದ್ದ ಏಟಿಗೆ ಇದನ್ನೇ ಮಾಡುತ್ತೇವೆ. ಮನಸ್ಸಿಗೆ ಬಿದ್ದ ಏಟಿಗೆ ಯಾಕೆ ಮಾಡುವುದಿಲ್ಲ?

1901ರಲ್ಲಿ, ಒಂಬತ್ತು ವರ್ಷದ ಬಾಬಾಸಾಹೇಬರು ತಂದೆಯನ್ನು ನೋಡಲು ಹೊರಟು ಮಸೂರ್ ಸ್ಟೇಷನ್ನಿನಲ್ಲಿ ಇಳಿದರು. ಮಹಾರ್ ಮಕ್ಕಳೆಂದು ತಿಳಿದದ್ದೇ, ಯಾವ ಗಾಡಿಯವನೂ ಹತ್ತಿಸಿಕೊಳ್ಳಲಿಲ್ಲ. ಎರಡು ಪಟ್ಟು ಬಾಡಿಗೆ ಕೊಟ್ಟು ಮಕ್ಕಳೇ ಗಾಡಿ ಹೊಡೆದುಕೊಂಡು ಹೋಗಬೇಕಾಯಿತು. ಬುತ್ತಿ ಇತ್ತು, ಕುಡಿಯಲು ನೀರಿಲ್ಲ. ಪರದೇಶಗಳ ದೊಡ್ಡ ವಿಶ್ವವಿದ್ಯಾಲಯಗಳಲ್ಲಿ ಓದಿ ಬಂದ ಮೇಲೂ ಆ ರಾತ್ರಿಯನ್ನು ಅವರು ಮರೆಯಲಿಲ್ಲ, ಬರೆದಿಟ್ಟರು. ಮಗುವಿನ ಮನಸ್ಸಿಗೆ ಬಿದ್ದ ಏಟು ಎಷ್ಟು ಕಾಲ ಉಳಿಯುತ್ತೆ ಎಂಬುದಕ್ಕೆ ಇನ್ನೇನು ಸಾಕ್ಷಿ ಬೇಕು?

ಸರ್ಕಾರ ಏನೂ ಮಾಡಿಲ್ಲ ಎಂದು ನಾವು ಸುಳ್ಳು ಹೇಳುವುದಿಲ್ಲ. 1982ರಲ್ಲೇ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು. ಜಿಲ್ಲೆಯಲ್ಲೇ ಮನಸ್ಸಿಗೆ ಚಿಕಿತ್ಸೆ ಕೊಡಬಹುದು ಅಂತ ದೇಶಕ್ಕೆ ತೋರಿಸಿದ್ದು ನಮ್ಮ ಬಳ್ಳಾರಿ. ನಿಮ್ಹಾನ್ಸ್‌ನವರು 1980ರ ದಶಕದಲ್ಲಿ ಅಲ್ಲಿ ಮಾಡಿದ ಪ್ರಯೋಗವೇ 1996ರ ಜಿಲ್ಲಾ ಕಾರ್ಯಕ್ರಮಕ್ಕೆ ಮಾದರಿಯಾಯಿತು. 2017ರ ಮಾನಸಿಕ ಆರೋಗ್ಯ ಕಾಯ್ದೆ 2018ರ ಮೇ 29ರಿಂದ ಜಾರಿಯಲ್ಲಿದೆ. ಅದರ 18ನೇ ಕಲಮು ಓದಿ. ಸರ್ಕಾರಿ ಚಿಕಿತ್ಸೆ ಪ್ರತಿಯೊಬ್ಬರ ಹಕ್ಕು. ಜಾತಿಯ ಹೆಸರಲ್ಲಿ ಭೇದ ಕೂಡದು. ಮಕ್ಕಳಿಗೆಂದೇ ಸೇವೆ ಇರಬೇಕು. ಯಾರನ್ನೂ ದೂರ ಅಲೆದಾಡಿಸಬಾರದು. ಬಡತನದ ರೇಖೆಯ ಕೆಳಗಿನವರಿಗೆ ಪುಕ್ಕಟೆ. ಕಾಗದದ ಮೇಲೆ ಎಲ್ಲಾ ಇದೆ. ನಮ್ಮ ಕೇರಿಗೆ ಬರುವಷ್ಟರಲ್ಲಿ ಅದು ವಾರಕ್ಕೊಂದು ದಿನದ ಬಾಗಿಲಾಗುತ್ತದೆ.

14416 ಎಂಬ ಟೆಲಿ ಮಾನಸ್ ನಂಬರು 2022ರ ಅಕ್ಟೋಬರ್ 10ರಂದು ಶುರುವಾಯಿತು. ಹಗಲೂ ರಾತ್ರಿ, ಪುಕ್ಕಟೆ, ಕನ್ನಡದಲ್ಲೇ ಮಾತಾಡಬಹುದು. ಇದನ್ನು ಗೋಡೆ ಮೇಲೆ ಬರೆದುಕೊಳ್ಳಿ. ಆದರೆ ಮನೆಗೊಂದೇ ಫೋನು, ಅದೂ ಅಪ್ಪನ ಜೇಬಿನಲ್ಲಿ ಇರುವಾಗ ಆ ಹುಡುಗಿ ಯಾವ ಮೂಲೆಯಲ್ಲಿ ನಿಂತು ಮಾತಾಡಬೇಕು?

2015-16ರ ರಾಷ್ಟ್ರೀಯ ಸಮೀಕ್ಷೆ 13ರಿಂದ 17 ವರ್ಷದವರಲ್ಲಿ ನೂರಕ್ಕೆ 7.3 ಮಂದಿಗೆ ಮಾನಸಿಕ ತೊಂದರೆ ಇದೆ ಎಂದಿತು. ನೂರು ಮಕ್ಕಳ ಹಾಸ್ಟೆಲೆಂದರೆ ಏಳು ಚಾಪೆ. ಯಾವ ಏಳು ಚಾಪೆ ಅಂತ ಯಾರಾದರೂ ಬಗ್ಗಿ ನೋಡಿದ್ದಾರಾ?

2016ರ ಜನವರಿ 17ರಂದು ರೋಹಿತ್ ವೇಮುಲನನ್ನು ಕಳಕೊಂಡೆವು. 2019ರ ಮೇ 22ರಂದು ಆದಿವಾಸಿ ಡಾಕ್ಟರ್ ಪಾಯಲ್ ತಡ್ವಿಯನ್ನು ಕಳಕೊಂಡೆವು. ಮೆರವಣಿಗೆ ಮಾಡಿದೆವು, ಫೋಟೋಗೆ ಹಾರ ಹಾಕಿದೆವು. ಮಾಡಬೇಕಾದ್ದೇ. ಆದರೆ ಸಾಕು. ನಮಗೆ ಇನ್ನು ಹುತಾತ್ಮರು ಬೇಡ. ಓದಿ, ಜಗಳಾಡಿ, ಮುದುಕರಾಗುವ ಹುಡುಗ ಹುಡುಗಿಯರು ಬೇಕು.

2025ರ ಜುಲೈ 25ರಂದು ಸುಪ್ರೀಂ ಕೋರ್ಟು, ನೂರು ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಪ್ರತಿ ಶಿಕ್ಷಣ ಸಂಸ್ಥೆಯಲ್ಲಿ ತರಬೇತಾದ ಆಪ್ತಸಲಹೆಗಾರರೊಬ್ಬರು ಇರಲೇಬೇಕು ಎಂದಿತು. ಹಾಸ್ಟೆಲುಗಳನ್ನೂ ಆ ಮಾತಿಗೆ ಸೇರಿಸಿತು. ಆದ್ದರಿಂದ ನಾವು ಭಿಕ್ಷೆ ಕೇಳುತ್ತಿಲ್ಲ, ಬಾಕಿ ಕೇಳುತ್ತಿದ್ದೇವೆ:

ಒಂದು, ನಮ್ಮ ಪ್ರತಿ ಹಾಸ್ಟೆಲಿಗೂ ಆಪ್ತಸಲಹೆಗಾರರು ಬರಲಿ. ವಾರ್ಡನ್‌ಗೆ ವರದಿ ಒಪ್ಪಿಸುವವರಲ್ಲ, ಮಕ್ಕಳ ಗುಟ್ಟು ಕಾಯುವವರು.

ಎರಡು, ತಾಲೂಕು ಆಸ್ಪತ್ರೆಯಲ್ಲಿ ಮನಸ್ಸಿನ ವೈದ್ಯರು ವಾರವಿಡೀ ಇರಲಿ. ಕೂಲಿಯವರಿಗೆ ಸಂಜೆ ಹೊತ್ತೂ ಬಾಗಿಲು ತೆರೆದಿರಲಿ.

ಮೂರು, ವೈದ್ಯರಿಗೂ ಸಲಹೆಗಾರರಿಗೂ ಜಾತಿಯ ಗಾಯ ಗುರುತಿಸುವುದನ್ನು ಕಲಿಸಿ. ಆ ಕೆಲಸಗಳಿಗೆ ನಮ್ಮ ಮಕ್ಕಳನ್ನೂ ನೇಮಿಸಿ.

ಇಷ್ಟು ಸರ್ಕಾರಕ್ಕೆ. ನಮಗೆ ನಾವು ಹೇಳಿಕೊಳ್ಳಬೇಕಾದ್ದು ಒಂದಿದೆ. ಪಕ್ಕದ ಚಾಪೆಯವನು ಎರಡು ದಿನ ಮಾತಾಡಲಿಲ್ಲ ಅಂದರೆ ಧೈರ್ಯದ ಭಾಷಣ ಬಿಗಿಯಬೇಡಿ. ಹತ್ತಿರ ಕೂತು ಕೇಳಿ. ಕ್ಲಾಸಿನಲ್ಲಿ ಏನಂದರು ಅಂತ ಕೇಳಿ. ಆಮೇಲೆ ಕೈಹಿಡಿದು ಆಸ್ಪತ್ರೆಗೆ ಕರಕೊಂಡು ಹೋಗಿ. ಇವತ್ತು ಯಾವ ವಾರ ಅಂತ ನೋಡಬೇಡಿ. ಬಾಗಿಲು ಮುಚ್ಚಿದ್ದರೆ ಅಲ್ಲೇ ಕೂತು ಬಡಿಯಿರಿ. ನಾವೂ ಬರುತ್ತೇವೆ.

ಜೈ ಭೀಮ್.