ಮದ್ದು ನಡೆದ ದಾರಿ

ಕಾಗದ, ಮುದ್ರಣ, ಸಿಡಿಮದ್ದು, ದಿಕ್ಸೂಚಿ: ಈ ನಾಲ್ಕೂ ಚೀನೀಯರ ಶೋಧಗಳೆಂದು ನಮ್ಮ ಮಕ್ಕಳು ಉರುಹೊಡೆದು ಒಪ್ಪಿಸುತ್ತಾರೆ, ಪರೀಕ್ಷೆ ಮುಗಿದೊಡನೆ ಮರೆಯುತ್ತಾರೆ. ಇದರಲ್ಲಿ ಅವರ ತಪ್ಪೇನೂ ನನಗೆ ಕಾಣದು. ಚೀನವೂ ದೂರ, ಯೂರೋಪೂ ದೂರ. ತನ್ನ ಊರಿಗೆ ಎಡೆಯೇ ಇಲ್ಲದ ಕಥೆಯನ್ನು ಮಗು ಏಕೆ ನೆನೆಯಬೇಕು?

ಬೀರೂರಿನ ಉಪಾಧ್ಯಾಯರಿಗಾದರೋ ಆ ಎಡೆಯನ್ನು ತೋರುವುದು ಸುಲಭ. ಸಮೀಪದ ಅಜ್ಜಂಪುರದಲ್ಲಿ ಅಮೃತಮಹಲ್ ದನಗಳ ಸಂವರ್ಧನ ಕೇಂದ್ರವಿದೆ. ಮೈಸೂರು ಅರಸರ ‘ಬೆಣ್ಣೆ ಚಾವಡಿ’ಗೆ ಅಮೃತಮಹಲ್ ಎಂದು ಹೆಸರಿಟ್ಟವನು ಟಿಪ್ಪು. ಅವನ ಮತ್ತು ಹೈದರನ ಫಿರಂಗಿಗಳನ್ನೂ ಮದ್ದುಗುಂಡುಗಳನ್ನೂ ಎಳೆದವು ಈ ತಳಿಯ ಎತ್ತುಗಳೇ. ಆ ಮದ್ದು ಎಲ್ಲಿಯದು ಎಂಬ ಪ್ರಶ್ನೆಯಿಂದಲೇ ಪಾಠ ಪ್ರಾರಂಭವಾಗಲಿ.

ಒಂಬತ್ತನೆಯ ಶತಮಾನದ ಸುಮಾರಿಗೆ, ಮರಣವನ್ನು ಗೆಲ್ಲುವ ಔಷಧವನ್ನು ಅರಸುತ್ತಿದ್ದ ಚೀನದ ರಸವಾದಿಗಳು ಪೆಟ್ಲುಪ್ಪು, ಗಂಧಕ, ಇದ್ದಿಲುಗಳ ಮಿಶ್ರಣ ಭಗ್ಗನೆ ಉರಿಯುವುದನ್ನು ಕಂಡರು. 1044ರ ಚೀನೀ ಯುದ್ಧಗ್ರಂಥವೊಂದು ಮದ್ದು ಅರೆಯುವ ಕ್ರಮವನ್ನು ಹೇಳುತ್ತದೆ. ಹದಿಮೂರನೆಯ ಶತಮಾನದಲ್ಲಿ ಆ ವಿದ್ಯೆ ಯೂರೋಪನ್ನು ಮುಟ್ಟಿತು. ಮುದ್ರಣ, ಮದ್ದು, ದಿಕ್ಸೂಚಿಗಳು ಲೋಕದ ಸ್ಥಿತಿಯನ್ನೇ ಬದಲಿಸಿದುವೆಂದು 1620ರಲ್ಲಿ ಫ್ರಾನ್ಸಿಸ್ ಬೇಕನ್ ಬರೆದ. ಅವುಗಳ ಮೂಲ ಮಾತ್ರ ಅವನಿಗೆ ತಿಳಿದಿರಲಿಲ್ಲ.

ಹಾರುವ ಅಗ್ನಿಬಾಣವೂ ಚೀನೀಯರದೇ. ಬಿದಿರು, ಕಾಗದಗಳ ಕೊಳವೆಗೆ ಅವರು ಮದ್ದು ತುಂಬುತ್ತಿದ್ದರು. ಹಲವು ಕೈಗಳನ್ನು ದಾಟಿ ಆ ವಿದ್ಯೆ ಮೈಸೂರಿಗೆ ಬಂದಾಗ ಇಲ್ಲಿಯ ಕುಶಲಿಗಳು ಕಬ್ಬಿಣದ ಕೊಳವೆಯನ್ನು ಬಳಸಿದರು. ಕಬ್ಬಿಣ ಹೆಚ್ಚಿನ ಒತ್ತಡವನ್ನು ತಾಳುವುದರಿಂದ ಬಾಣ ಬಹುದೂರ ಹಾರಿತು. 1780ರಲ್ಲಿ ಕಂಚಿಯ ಬಳಿಯ ಪೊಳ್ಳಿಲೂರಿನಲ್ಲಿ ಇಂಗ್ಲಿಷರು ಅದರ ಪೆಟ್ಟು ತಿಂದರು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮಾದರಿಗಳನ್ನು ತಮ್ಮ ನಾಡಿಗೆ ಒಯ್ದರು. ವಿಲಿಯಂ ಕಾಂಗ್ರೀವ್ ಅದೇ ಜಾಡಿನಲ್ಲಿ ರಚಿಸಿದ ಬಾಣಗಳು 1807ರಲ್ಲಿ ಕೋಪನ್‌ಹೇಗನ್ ನಗರದ ಮೇಲೆ ಬೆಂಕಿ ಸುರಿಸಿದುವು. ಇದು ಪುಸ್ತಕದ ಮಾತಷ್ಟೇ ಅಲ್ಲ. ಬೀರೂರಿನಿಂದ ರೈಲುಮಾರ್ಗ ಕವಲೊಡೆದು ಹೋಗುವ ಶಿವಮೊಗ್ಗದ ಸೀಮೆಯಲ್ಲಿ, ಹೊಸನಗರ ತಾಲ್ಲೂಕಿನ ನಗರದ ಹಾಳುಬಾವಿಯೊಂದರಿಂದ, 2018ರಲ್ಲಿ ಸಾವಿರದಷ್ಟು ಅಂಥ ಬಾಣಗಳು ಹೊರಬಂದುವು.

ಎಲ್ಲವನ್ನೂ ನಮ್ಮ ಪೂರ್ವಿಕರೇ ಕಂಡುಹಿಡಿದರೆಂದು ಹೇಳಿಕೊಡುವವರಿದ್ದಾರೆ. ಎಲ್ಲವೂ ಪಶ್ಚಿಮದ ದಾನವೆಂದು ನಂಬಿಸುವವರೂ ಇದ್ದಾರೆ. ಎರಡು ಪಾಠಗಳ ಫಲವೂ ಒಂದೇ: ಮಗುವಿಗೆ ಮಾಡಲು ಕೆಲಸವೇ ಉಳಿಯದು. ಚೀನದಿಂದ ಪಡೆದುದಕ್ಕೆ ಮೈಸೂರು ತನ್ನ ಕಬ್ಬಿಣವನ್ನು ಸೇರಿಸಿತು, ಇಂಗ್ಲೆಂಡು ತನ್ನ ಲೆಕ್ಕವನ್ನು ಸೇರಿಸಿತು ಎಂದು ತಿಳಿದ ಮಗು, ನಾನೇನು ಸೇರಿಸಲಿ ಎಂದು ಕೇಳೀತು. ಅಮೃತವನ್ನು ಅರಸಿದವರ ಕೈಗೆ ಸಿಕ್ಕಿದ ಮದ್ದು ಊರುಗಳನ್ನು ಸುಟ್ಟಿತೆಂಬುದನ್ನೂ ಅದಕ್ಕೆ ಮರೆಮಾಚದೆ ಹೇಳಬೇಕು. ಏನನ್ನು ಸೇರಿಸಬೇಕು, ಏನನ್ನು ಸೇರಿಸಬಾರದು ಎಂಬ ವಿವೇಕ ಹುಟ್ಟುವುದು ಅಲ್ಲಿಯೇ.