ಜರ್ಮನಿಯ ‘ಉಚಿತ’ ಮತ್ತು ಅಪ್ಪನ ತೋಟ

ಭಾನುವಾರದ ಪೇಪರಿನೊಳಗಿಂದ ಬಣ್ಣದ ಕರಪತ್ರವೊಂದು ಜಾರಿ ಬಿತ್ತು. ಜರ್ಮನಿಯಲ್ಲಿ ಉಚಿತ ಎಂ.ಎಸ್. ಅಂತೆ, ಮಾಹಿತಿ ಸಭೆಗೆ ಪೋಷಕರೊಂದಿಗೆ ಬರಬೇಕಂತೆ. ಮೈ ಉರಿಯಿತು. ಕಣ್ಣಿನ ಶಿಬಿರದಿಂದ ಸೈಟು ನೋಂದಣಿವರೆಗೆ ‘ಉಚಿತ’ ಎಂಬ ಪದವನ್ನು ಹೇಗೆಲ್ಲ ದುಡಿಸಿಕೊಳ್ಳುತ್ತಾರೆಂದು ಎಷ್ಟೋ ಸಲ ಬರೆದಿದ್ದೇನೆ. ಉಚಿತ ಅಂದರೆ ಮೂಲದಲ್ಲಿ ತಕ್ಕದ್ದು, ಯೋಗ್ಯವಾದದ್ದು. ಔಚಿತ್ಯ ಬಂದದ್ದು ಅದರಿಂದಲೇ. ಪುಕ್ಕಟೆ ಅಂದರೆ ನಮ್ಮ ಜನ ಅನುಮಾನಿಸುತ್ತಾರೆ, ಉಚಿತ ಅಂದರೆ ನಂಬುತ್ತಾರೆ. ವ್ಯಾಪಾರಿಗಳಿಗೆ ಇದು ಚೆನ್ನಾಗಿ ಗೊತ್ತು.

ಕರಪತ್ರ ಪೂರ್ತಿ ಸುಳ್ಳಲ್ಲ. ಅಲ್ಲಿನ ಹೆಚ್ಚಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವಿಲ್ಲ. ಆದರೆ ಸ್ಟುಟ್‌ಗಾರ್ಟ್, ಹೈಡೆಲ್‌ಬರ್ಗ್‌ಗಳಿರುವ ಬಾಡೆನ್-ವುರ್ಟೆಂಬರ್ಗ್ ರಾಜ್ಯ 2017ರಿಂದಲೇ ನಮ್ಮವರಿಂದ ಸೆಮಿಸ್ಟರಿಗೆ 1,500 ಯೂರೊ ವಸೂಲು ಮಾಡುತ್ತಿದೆ. ಮ್ಯೂನಿಕ್‌ನ ತಾಂತ್ರಿಕ ವಿಶ್ವವಿದ್ಯಾಲಯವೂ 2024ರ ಚಳಿಗಾಲದಿಂದ ಸೆಮಿಸ್ಟರಿಗೆ 2,000ದಿಂದ 6,000 ಯೂರೊವರೆಗೆ ಶುಲ್ಕ ಹಾಕಿದೆ.

ತೀರ್ಥಹಳ್ಳಿ ಕಡೆಯ ನಮ್ಮ ದೊಡ್ಡಪ್ಪನ ಮಗ ತನ್ನ ಹುಡುಗನನ್ನು ಕರೆದುಕೊಂಡು ಇಂಥದೇ ಸಭೆಗೆ ಹೋಗಿ ಬಂದವನು. “ಫೀಸೇ ಇಲ್ಲ ಮಾರಾಯ, ಊಟದ ಖರ್ಚು ಮಾತ್ರ ಅಂದ್ರು” ಎಂದು ಹಿಗ್ಗಿದ್ದ. ಆಮೇಲೆ ಒಂದೊಂದೇ ಹೊರಬಿತ್ತು. ಅಂಕಪಟ್ಟಿ ಪರಿಶೀಲನೆಯ ಎಪಿಎಸ್ ಪ್ರಮಾಣಪತ್ರಕ್ಕೆ 18,000 ರೂಪಾಯಿ. ವೀಸಾಕ್ಕೆ ಮುಂಚೆ ಬ್ಲಾಕ್ಡ್ ಅಕೌಂಟಿನಲ್ಲಿ 11,904 ಯೂರೊ ಇಡಬೇಕು. ಅದು ಹುಡುಗನದೇ ದುಡ್ಡು, ಅಲ್ಲಿ ತಿಂಗಳಿಗೆ 992ರಂತೆ ಕೈಗೆ ಬರುತ್ತದೆ, ನಿಜ. ಆದರೆ ಅದನ್ನು ಒಟ್ಟಿಗೆ ಹೊಂದಿಸಲು ಅಡಿಕೆ ತೋಟದ ಕಾಗದಪತ್ರ ಬ್ಯಾಂಕಿಗೆ ಹೋಯಿತು. ಹೋದ ಮೇಲೆ ಆರೋಗ್ಯ ವಿಮೆ, ಮನೆಗೆ ಮುಂಗಡ. ಅಲ್ಲಿನ ಕಾನೂನು ಮೂರು ತಿಂಗಳ ಬಾಡಿಗೆಯವರೆಗೆ ಮುಂಗಡ ಕೇಳಲು ಬಿಡುತ್ತದೆ. ಟೀವಿ ಇಲ್ಲದ ಮನೆಯೂ ತಿಂಗಳಿಗೆ 18.36 ಯೂರೊ ಪ್ರಸಾರ ಶುಲ್ಕ ಕಟ್ಟಬೇಕು.

ಇಷ್ಟನ್ನೂ ಅವನು ತಡೆದುಕೊಂಡ. ತಡೆಯಲಾಗದ್ದು ರೂಪಾಯಿಯ ಇಳಿತ. ಅವನು ಲೆಕ್ಕ ಹಾಕಿದಾಗ ಯೂರೊಗೆ 90ರ ಆಸುಪಾಸು. 2025ರಲ್ಲಿ 100 ದಾಟಿತು. ಮಗ ಒಂದು ಕಾಫಿಯನ್ನೂ ಹೆಚ್ಚಿಗೆ ಕುಡಿಯಲಿಲ್ಲ, ಎರಡನೇ ವರ್ಷದ ಖರ್ಚಿಗೆ ಲಕ್ಷಕ್ಕೂ ಹೆಚ್ಚು ಸೇರಿಕೊಂಡಿತು. ಮೊನ್ನೆ ಫೋನಿನಲ್ಲಿ, “ಮೊದಲೇ ಹೇಳಿದ್ದರೆ ಕಳಿಸುತ್ತಲೇ ಇರಲಿಲ್ಲ ಅಂತಲ್ಲ, ತಯಾರಾಗಿರುತ್ತಿದ್ದೆ” ಎಂದ. ನನ್ನ ಸಿಟ್ಟೂ ಅದೇ.

ಮಕ್ಕಳು ಹೋಗಲಿ, ಓದಲಿ. ನೆನಪಿಡಿ: ಹಲವು ಖಾಸಗಿ ಸಂಸ್ಥೆಗಳು ಏಜೆಂಟರಿಗೆ ಕಮಿಷನ್ ಕೊಡುತ್ತವೆ. ಉಚಿತ ಎಂದು ಕರೆದು ಕೊನೆಗೆ ಅಲ್ಲಿಗೇ ಸೇರಿಸುವವರಿದ್ದಾರೆ. ಸಭೆಗೆ ಹೋದರೆ ಬಿಳಿ ಹಾಳೆಯೊಂದನ್ನು ಒಯ್ಯಿರಿ. ಶುಲ್ಕ, ಬಾಡಿಗೆ, ವಿಮೆ, ಯೂರೊ ಹತ್ತು ರೂಪಾಯಿ ಏರಿದರೆ ಎಷ್ಟು, ಎಲ್ಲವನ್ನೂ ಬರೆದು ಸಹಿ ಹಾಕಿ ಎನ್ನಿ. ಬರೆದುಕೊಡದವನಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ.