ಚಿಟಿಕೆ ಬೆರಕೆಯ ಕರಾಮತ್ತು



ಕೆಂಕೆರೆಯ ನಮ್ಮ ಮದ್ರಸದಲ್ಲಿ ಮೊನ್ನೆ ತಹಾರತ್‌ನ ಪಾಠ. ನಜಸ್ ಬಿದ್ದು ನೀರಿನ ಬಣ್ಣ, ರುಚಿ, ವಾಸನೆಗಳಲ್ಲಿ ಒಂದು ಬದಲಾದರೂ ಅದರಲ್ಲಿ ವುಝೂ ಆಗದು ಎಂದು ಹೇಳುತ್ತಿದ್ದೆ. ಪಿಯುಸಿ ವಿಜ್ಞಾನ ಓದುತ್ತಿರುವ ಹುಡುಗಿಯೊಬ್ಬಳು ಕೇಳಿದಳು: “ಆಪಾ, ಶುದ್ಧ ಸಿಲಿಕಾನ್‌ಗೆ ಬೇಕೆಂದೇ ಕಲ್ಮಶ ಸೇರಿಸುತ್ತಾರೆ ಅಂತ ನಮ್ಮ ಪುಸ್ತಕದಲ್ಲಿದೆಯಲ್ಲ, ಯಾಕೆ?” ನಾನು ಬಿ.ಎ. ಓದಿದವಳು. ನಾಳೆ ಹೇಳುತ್ತೇನೆ ಎಂದೆ. ನಾಲ್ಕು ದಿನ ಹಿಡಿಯಿತು.

ಸಿಲಿಕಾನ್‌ನ ವಿಷಯ ಸರಳ. ಕೋಟಿ ಪರಮಾಣುಗಳ ನಡುವೆ ರಂಜಕದ ಒಂದೇ ಒಂದು ಪರಮಾಣು ಕೂತರೂ ಅದು ವಿದ್ಯುತ್ ಹರಿಸುವ ಶಕ್ತಿ ಲಕ್ಷ ಪಟ್ಟಿಗೂ ಹೆಚ್ಚುತ್ತದೆ. ನಿಮ್ಮ ಕೈಯ ಮೊಬೈಲು ನಡೆಯುವುದು ಇಂಥ ಬೆರಕೆಯಿಂದಲೇ.

ನನ್ನನ್ನು ಬೆರಗುಗೊಳಿಸಿದ್ದು ಇನ್ನೊಂದು ವಸ್ತು. ಲ್ಯಾಂಥನಮ್, ತಾಮ್ರ, ಆಮ್ಲಜನಕ ಸೇರಿದ ಕರಿ ಪುಡಿ ಅದು. ತಾಮ್ರವಿದ್ದೂ ವಿದ್ಯುತ್ತನ್ನು ಬಿಡುವುದಿಲ್ಲ! ಪ್ರತಿ ತಾಮ್ರದ ಬಳಿ ಒಂದೊಂದು ಒಂಟಿ ಇಲೆಕ್ಟ್ರಾನ್ ಇದೆ. ಪಕ್ಕದ ಜಾಗಕ್ಕೆ ಹೋಗೋಣವೆಂದರೆ ಅಲ್ಲಿರುವುದು ದೂಡುತ್ತದೆ. ಚಾಪೆ ತುಂಬ ಒತ್ತಿ ಕೂತ ಮಕ್ಕಳಂತೆ, ಯಾರೂ ಅಲುಗುವಂತಿಲ್ಲ. ಲ್ಯಾಂಥನಮ್ ಇದ್ದ ಕೆಲವು ಕಡೆ ಸ್ಟ್ರಾನ್ಷಿಯಮ್ ಸೇರಿಸಿದರೆ ಅದು ಒಂದು ಇಲೆಕ್ಟ್ರಾನ್ ಕಡಿಮೆ ಕೊಡುತ್ತದೆ. ಒಂದು ಮಗು ಎದ್ದು ಹೋದ ಹಾಗೆ. ಪಕ್ಕದ್ದು ಸರಿಯುತ್ತದೆ, ಅದರ ಪಕ್ಕದ್ದೂ ಸರಿಯುತ್ತದೆ. ನೂರು ತಾಮ್ರಕ್ಕೆ ಐದಾರು ಜಾಗ ಖಾಲಿಯಾದರೆ ಸಾಕು, ತೀರಾ ತಣ್ಣಗಾದಾಗ ಅದು ಕಿಂಚಿತ್ತೂ ತಡೆಯಿಲ್ಲದೆ ವಿದ್ಯುತ್ ಹರಿಸುವ ಅತಿವಾಹಕ. ಹದಿನೈದರ ಆಸುಪಾಸು ಸರಿಯಾದ ಹದ. ಮುಂದೆ ಗುಣ ಇಳಿಯುತ್ತದೆ. ಆದರೆ ತಾಮ್ರದ ಜಾಗದಲ್ಲೇ ನೂರಕ್ಕೆ ಮೂರರಷ್ಟು ಸತು ಸೇರಿಕೊಂಡರೆ ಎಲ್ಲವೂ ಕೆಟ್ಟಿತು.

ಇದೇ ಪುಡಿಗೆ ಬೇರಿಯಮ್ ಬೆರೆಸಿ ಈ ಗುಣ ಕಂಡ ಬೆಡ್ನಾರ್ಜ್ ಮತ್ತು ಮ್ಯೂಲರ್ ಅವರಿಗೆ 1987ರಲ್ಲಿ ನೊಬೆಲ್ ಬಂತು. ಅವರಿಗಿಂತ ಮೊದಲೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ಎನ್.ಆರ್. ರಾವ್ ಇದರ ಶುದ್ಧ ರೂಪವನ್ನು ಅಭ್ಯಾಸ ಮಾಡಿದ್ದರು. ಆ ಚಿಟಿಕೆ ಬೆರಕೆಯೊಂದು ಬಾಕಿಯಿತ್ತು, ನೋಡಿ! 1987ರಲ್ಲಿ ಮೈನಸ್ 180 ಡಿಗ್ರಿಯ ಸುಮಾರಿಗೇ ಅತಿವಾಹಕವಾಗುವ ಯಟ್ರಿಯಮ್ ಸಂಯುಕ್ತವನ್ನು ತಯಾರಿಸಿದ ಮೊದಮೊದಲಿಗರಲ್ಲಿ ಅವರ ತಂಡವೂ ಇತ್ತು. 2014ರಲ್ಲಿ ಅವರು ಭಾರತರತ್ನ ಪಡೆದರು.

ಹುಡುಗಿಗೆ ಇಷ್ಟನ್ನು ಹೇಳಿದೆ. “ಸತು ಯಾಕೆ ಕೆಡಿಸುತ್ತದೆ ಆಪಾ?” ಎಂದಳು! ಕಳೆದ ತಿಂಗಳು ಅವಳ ತಾಯಿ, ವಿಜ್ಞಾನ ಬಿಡಿಸಿಬಿಡೋಣವೇ ಎಂದು ಕೇಳಿದಾಗ ನಾನೂ ಹೂಂ ಎಂದಿದ್ದೆ. ಈ ಜುಮುಅದ ದಿನ ಅವರ ಮನೆಗೆ ಹೋಗಿ ಆ ಮಾತು ವಾಪಸ್ ತೆಗೆದುಕೊಳ್ಳಬೇಕು, ಇನ್‌ಶಾ ಅಲ್ಲಾಹ್.